ಹೂವಿನ ಮಾತು, ನೀರಿನ ಲೆಕ್ಕ: ಕೋಲಾರದ ಅಂಗಳದಲ್ಲಿ ಅರ್ಥ ನೋಡಿ ಗಿಡ ಜೋಡಿಸುವ ಕ್ರಮ

ಗಣಪನಿಗೆಂದು ಎಕ್ಕ, ದೇವಿಗೆಂದು ದಾಸವಾಳ, ಮುಡಿಯಲು ಮಲ್ಲಿಗೆ, ಹಬ್ಬಕ್ಕೆ ಸೇವಂತಿಗೆ. ನಾಲ್ಕನ್ನೂ ಒಂದೇ ಪಾತಿಯಲ್ಲಿ ನೆಟ್ಟು ಒಂದೇ ಪೈಪಿನಲ್ಲಿ ನೀರು ಬಿಡುತ್ತಾರೆ. ಎರಡನೇ ವರ್ಷಕ್ಕೆ ಎಕ್ಕದ ಬುಡ ಕೊಳೆತಿರುತ್ತದೆ, ಮಲ್ಲಿಗೆ ಬರೀ ಎಲೆ ಬಿಟ್ಟಿರುತ್ತದೆ, ಸೇವಂತಿಗೆ ಸೊರಗಿರುತ್ತದೆ. ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲಿನ ಬಡಾವಣೆಗಳಲ್ಲಿ ಇಂಥ ಅಂಗಳಗಳು ಬೇಕಾದಷ್ಟಿವೆ. ಅಲ್ಲಿ ಗಿಡಗಳ ಆಯ್ಕೆ ತಪ್ಪಿರುವುದು ಅಪರೂಪ, ಕೆಲಸದ ಕ್ರಮ ತಪ್ಪಿರುತ್ತದೆ. ಯಾವ ಗಿಡ ಬೇಕು ಅನ್ನುವುದನ್ನು ಹೂವಿನ ಅರ್ಥ ಹೇಳಲಿ. ಯಾವುದರ ಪಕ್ಕ ಯಾವುದು ಅನ್ನುವುದನ್ನು ಮಾತ್ರ ನೀರು ಮತ್ತು ಬಿಸಿಲಿಗೇ ಬಿಡಬೇಕು.

ಬೇಕಾಗುವ ಸಾಮಾನು

ಗಡಾರಿ, ಸಲಿಕೆ, ಬಾಂಡ್ಲಿ, ಅಳತೆ ಟೇಪು, ಹುರಿ ಮತ್ತು ನಾಲ್ಕಾರು ಗೂಟ, ಗುರುತು ಹಾಕಲು ರಂಗೋಲಿ ಪುಡಿ, ಗಿಡ ಕತ್ತರಿ. ಪಾತಿಗಳ ನಡುವೆ ಹೂಳಲು ಇಟ್ಟಿಗೆ ಅಥವಾ ಕಲ್ಲುಚಪ್ಪಡಿಯ ತುಂಡುಗಳು ಬೇಕು, ಇವನ್ನು ಮರೆಯಬೇಡಿ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಬೇವಿನ ಅಥವಾ ಹೊಂಗೆ ಹಿಂಡಿ. ಹಸಿ ಸಗಣಿ ಬೇಡ, ಅದರ ಜೊತೆ ಗೊಣ್ಣೆಹುಳು ಬಂದು ಬೇರು ತಿನ್ನುತ್ತದೆ.

ಮನೆ ಕಟ್ಟಿ ಉಳಿದ ಸಿಮೆಂಟು, ಸುಣ್ಣ, ಗಾರೆ ಚೂರು ಬಿದ್ದ ಜಾಗವಾದರೆ ಒಂದೂವರೆ ಅಡಿ ಮಣ್ಣು ತೆಗೆದು ಹೊಸದು ತುಂಬಿ. ನಮ್ಮ ಕೆಮ್ಮಣ್ಣು ಹೂವಿಗೆ ಒಳ್ಳೆಯದೇ. ಗೋಡೆ ಬುಡದಲ್ಲಿ ಇರುವುದು ಕೆಮ್ಮಣ್ಣಲ್ಲ, ಕಟ್ಟಡದ ಕಸ. ಹೊಸ ಮಣ್ಣನ್ನು ಟೊಮೊಟೊ ಅಥವಾ ಬದನೆ ಬೆಳೆದ ಹೊಲದಿಂದ ತರಿಸಲೇಬೇಡಿ. ಈ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಮಣ್ಣು ಅಂಥ ಹೊಲದ್ದೂ ಆಗಿರಬಹುದು, ಆದ್ದರಿಂದ ಮೊದಲೇ ಕೇಳಿಕೊಳ್ಳಿ. ಅದರಲ್ಲಿರುವ ಬೇರುಗಂಟು ಜಂತುಹುಳು (ನೆಮಟೋಡ್) ಕನಕಾಂಬರವನ್ನು ಬೆಳೆಯಗೊಡುವುದಿಲ್ಲ. ಅನುಮಾನವಿದ್ದರೆ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ.

ಹಂತ 1: ಅಂಗಳ ಹೇಳಬೇಕಾದ್ದು ಏನು?

ಒಂದು ಪಾತಿಗೆ ಒಂದೇ ಮಾತು. ‘ಬೆಳಗಿನ ಪೂಜೆಗೆ ಹೂ ಬೇಕು’ ಒಂದು ಮಾತು. ‘ಮನೆಯ ಹೆಣ್ಣುಮಕ್ಕಳು ಮುಡಿಯಬೇಕು’ ಇನ್ನೊಂದು. ‘ಬಂದವರಿಗೆ ಬಾಗಿಲಲ್ಲೇ ಹಬ್ಬದ ಕಳೆ ಕಾಣಬೇಕು’ ಮೂರನೆಯದು. ಇದನ್ನು ಚೀಟಿಯಲ್ಲಿ ಬರೆದುಕೊಂಡು ನರ್ಸರಿಗೆ ಹೋಗಿ. ಬರೆಯದೆ ಹೋದವರು ಚೆಂದ ಕಂಡದ್ದೆಲ್ಲ ತರುತ್ತಾರೆ.

ಅಂತರ್ಜಾಲದಲ್ಲಿ ಸಿಗುವ ‘ಹೂವಿನ ಭಾಷೆ’ ಪಟ್ಟಿಗಳು ಬಹುತೇಕ 19ನೇ ಶತಮಾನದ ಇಂಗ್ಲೆಂಡಿನವು. ಅವುಗಳಲ್ಲಿ ಹಳದಿ ಗುಲಾಬಿ ಎಂದರೆ ಅಸೂಯೆ, ಮಾರಿಗೋಲ್ಡ್ ಎಂದರೆ ದುಃಖ. ಆಯುಧಪೂಜೆಯ ದಿನ ಚೆಂಡುಹೂವಿಲ್ಲದ ಒಂದು ಲಾರಿ ಕೂಡ ಓಡಾಡದ ಊರಿನಲ್ಲಿ ಆ ಪಟ್ಟಿ ಇಟ್ಟುಕೊಂಡು ಏನು ಮಾಡುವುದು? ಇಲ್ಲಿ ಹೂವಿನ ಅರ್ಥ ಇರುವುದು ಅದರ ಬಳಕೆಯಲ್ಲಿ: ಯಾರಿಗೆ ಏರಿಸುತ್ತಾರೆ, ಯಾರು ಮುಡಿಯುತ್ತಾರೆ, ಎಲ್ಲಿ ಕಟ್ಟುತ್ತಾರೆ. ಸೇವಂತಿಗೆ ಮದುವೆ ಚಪ್ಪರಕ್ಕೂ ಬರುತ್ತದೆ, ಸಾವಿನ ಮನೆಗೂ ಹೋಗುತ್ತದೆ. ಹಾಗಾಗಿ ಒಂಟಿ ಹೂವಿಗೆ ಅರ್ಥ ಅಂಟಿಸುವ ಬದಲು ಅದು ಯಾವ ಜೊತೆಯಲ್ಲಿ, ಎಲ್ಲಿ ನಿಂತಿದೆ ಎಂದು ನೋಡಿ. ಬಾಗಿಲ ಪಕ್ಕ ತುಳಸಿ, ಮರುಗದ ಜೊತೆಗಿದ್ದರೆ ಅದು ಹಬ್ಬದ ಹೂವೇ.

ಹಂತ 2: ಮಾತಿಗೆ ತಕ್ಕ ಗಿಡಗಳ ಪಟ್ಟಿ

ಪೂಜೆಯ ಪಾತಿಗೆ ಯಾವ ದೇವರು ಎಂಬುದೇ ಮೊದಲ ಪ್ರಶ್ನೆ. ಕುರುಡುಮಲೆ ಗಣಪನ ಒಕ್ಕಲಾದರೆ ಗರಿಕೆ, ಕೆಂಪು ದಾಸವಾಳ, ಬಿಳಿ ಎಕ್ಕ ಬರಬೇಕು. ಗಣಪನಿಗೆ ಸಾಮಾನ್ಯವಾಗಿ ತುಳಸಿ ಏರಿಸುವ ರೂಢಿಯಿಲ್ಲ, ಹಾಗಾಗಿ ಈ ಪಾತಿಗೆ ತುಳಸಿ ಬೇಡ. ಆವಣಿಯ ರಾಮಲಿಂಗೇಶ್ವರನನ್ನೋ ಕೋಲಾರದ ಸೋಮೇಶ್ವರನನ್ನೋ ನೆನೆಯುವ ಮನೆಗೆ ಬಿಲ್ವ, ಎಕ್ಕ, ತುಂಬೆ, ನಂದಿಬಟ್ಟಲು ಸಾಕು. ಶಿವನಿಗೆ ಕೇದಿಗೆ ಸಲ್ಲುವುದಿಲ್ಲ. ಚಿಕ್ಕ ತಿರುಪತಿ, ಬಂಗಾರು ತಿರುಪತಿಗೆ ನಡೆದುಕೊಳ್ಳುವವರಿಗೆ ತುಳಸಿ ಮೊದಲು, ಆಮೇಲೆ ಪಾರಿಜಾತ, ಸಂಪಿಗೆ. ಕೋಲಾರಮ್ಮನ ಮನೆಗಳಿಗೆ ಕೆಂಪು ದಾಸವಾಳ ಮತ್ತು ಮಲ್ಲಿಗೆ. ಮನೆಯಿಂದ ಮನೆಗೆ ಪದ್ಧತಿ ಬೇರೆಯಾಗುತ್ತದೆ. ಹಿರಿಯರು ಬೇಡ ಅಂದ ಹೂ ಪಟ್ಟಿಯಲ್ಲಿದ್ದರೂ ನೆಡಬೇಡಿ, ಅದನ್ನು ಯಾರೂ ಕೊಯ್ಯುವುದಿಲ್ಲ.

ಮುಡಿಯುವ ಪಾತಿಗೆ ದುಂಡುಮಲ್ಲಿಗೆ, ಕಾಕಡ, ಕನಕಾಂಬರ ಮತ್ತು ನಡುನಡುವೆ ಸೇರಿಸಿ ಕಟ್ಟಲು ಮರುಗ. ಕನಕಾಂಬರಕ್ಕೆ ವಾಸನೆಯಿಲ್ಲ, ಮಲ್ಲಿಗೆಗೆ ಬಣ್ಣವಿಲ್ಲ. ಎರಡನ್ನೂ ಸೇರಿಸಿ ದಂಡೆ ಕಟ್ಟುವುದು ಅದಕ್ಕೇ. ಪಾತಿಯಲ್ಲೂ ಒಂದು ಕಡೆ ವಾಸನೆ, ಇನ್ನೊಂದು ಕಡೆ ಬಣ್ಣ ಇರುವಂತೆ ನೋಡಿಕೊಳ್ಳಿ. ಹಬ್ಬದ ಪಾತಿಗೆ ಚೆಂಡುಹೂ, ಸೇವಂತಿಗೆ, ಸುಗಂಧರಾಜ.

ಒಂದು ಪಾತಿಗೆ ನಾಲ್ಕು ಜಾತಿ ದಾಟಬೇಡಿ.

ಹಂತ 3: ಪಟ್ಟಿಯನ್ನು ನೀರಿನ ಮೇಲೆ ಒಡೆಯಿರಿ

ಜನ ಬಿಟ್ಟುಬಿಡುವ ಹಂತ ಇದು, ತೋಟ ಕೆಡುವುದೂ ಇಲ್ಲೇ. ಬರೆದ ಹೆಸರುಗಳನ್ನು ಮೂರು ಗುಂಪು ಮಾಡಿ.

ಒಣ ಗುಂಪಿನಲ್ಲಿ ಎಕ್ಕ, ಕಣಗಿಲೆ, ಬಿಲ್ವ, ದೇವಗಣಗಿಲೆ ಬರುತ್ತವೆ. ಬೇರೂರಿದ ಮೇಲೆ ಮಳೆ ಸಾಕು, ಕಡು ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಬುಡ ನೆನೆಸಿದರೆ ಸರಿ. ಮಧ್ಯಮ ಗುಂಪಿಗೆ ದಾಸವಾಳ, ನಂದಿಬಟ್ಟಲು, ಪಾರಿಜಾತ, ತುಳಸಿ, ಶಂಖಪುಷ್ಪ. ಇವಕ್ಕೆ ವಾರಕ್ಕೆ ಎರಡು ಸಲ, ಮೇಲ್ಮಣ್ಣು ಒಂದು ಅಂಗುಲ ಒಣಗಿದ ಮೇಲೆ. ನೀರು ಬೇಡುವ ಗುಂಪು ಎಂದರೆ ಸೇವಂತಿಗೆ, ಚೆಂಡುಹೂ, ಸುಗಂಧರಾಜ, ಗುಲಾಬಿ, ಕನಕಾಂಬರ. ಬಿಸಿಲ ದಿನಗಳಲ್ಲಿ ಇವಕ್ಕೆ ದಿನ ಬಿಟ್ಟು ದಿನ ನೀರು ಬೇಕು.

ಮಲ್ಲಿಗೆ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ದುಂಡುಮಲ್ಲಿಗೆಗೆ ಬೇಸಿಗೆಯಲ್ಲಿ ನೀರು ಬೇಕು, ಚಳಿಗಾಲದ ಆರಂಭದಲ್ಲಿ ಬಾಯಾರಬೇಕು. ನವೆಂಬರಿನಲ್ಲಿ ನೀರು ನಿಲ್ಲಿಸಿ, ತಿಂಗಳ ಕೊನೆಗೆ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಒಣಕಡ್ಡಿ ತೆಗೆದು, ಬುಡ ಬಿಡಿಸಿ 10 ಕಿಲೋ ತಿಪ್ಪೆ ಗೊಬ್ಬರ ಕೊಟ್ಟು ಮತ್ತೆ ನೀರು ಶುರುಮಾಡಬೇಕು. ಹೀಗೆ ಮಾಡಿದರೆ ಹೊಸ ಕುಡಿಯ ತುದಿಯಲ್ಲಿ ಮೊಗ್ಗು ಬಂದು, ಬೇಸಿಗೆಯ ಕರಗಗಳ ಹೊತ್ತಿಗೆ ಗಿಡ ತುಂಬುತ್ತದೆ. ಅದೇ ನವೆಂಬರಿನಲ್ಲಿ ಸೇವಂತಿಗೆ ಹೂ ಬಿಡುತ್ತಿರುತ್ತದೆ, ಅದಕ್ಕೆ ನೀರು ತಪ್ಪಿಸುವಂತಿಲ್ಲ. ಎರಡೂ ಒಂದೇ ಪಾತಿಯಲ್ಲಿದ್ದರೆ ಯಾವುದೋ ಒಂದನ್ನು ಕಳೆದುಕೊಳ್ಳುತ್ತೀರಿ, ಸಾಮಾನ್ಯವಾಗಿ ಮಲ್ಲಿಗೆಯನ್ನು. ಗಿಡ ಸಾಯುವುದಿಲ್ಲ, ವರ್ಷವಿಡೀ ಹಸಿರಾಗಿ ನಿಂತು ಹೂ ಕೊಡದೆ ಸತಾಯಿಸುತ್ತದೆ. ಜಾಗ ಕಡಿಮೆಯಿದ್ದರೆ ಮಲ್ಲಿಗೆಯನ್ನು ತಳಕ್ಕೆ ಐದಾರು ತೂತು ಕೊರೆದ 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಬೇರೆಯಾಗಿಡಿ. ಅದಕ್ಕೂ ಪುರಸೊತ್ತಿಲ್ಲದವರು ಕಾಕಡ ನೆಡಿ. ವಾಸನೆ ಇಲ್ಲ ಅನ್ನುವುದೊಂದೇ ಕೊರತೆ, ಹೂ ಹೆಚ್ಚುಕಡಿಮೆ ವರ್ಷವಿಡೀ.

ನೀರಿನ ಗುಣವನ್ನೂ ನೋಡಿ. ಇಲ್ಲಿನ ಆಳದ ಬೋರ್‌ವೆಲ್ ನೀರು ಹೆಚ್ಚಿನ ಕಡೆ ಗಡಸು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ ಅದೇ ಗುರುತು. ದಾಸವಾಳ, ಗುಲಾಬಿ ಅದನ್ನು ಬೇಗ ತೋರಿಸುತ್ತವೆ, ಎಕ್ಕ, ಕಣಗಿಲೆ ಲೆಕ್ಕಕ್ಕಿಡುವುದಿಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ‘ಸುಮ್ಮನೆ ಪೋಲಾಗುತ್ತದೆ’ ಎಂದು ಗಿಡಕ್ಕೆ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು. ನೀರು ಮೆದುಗೊಳಿಸುವ ಯಂತ್ರದಿಂದ ಬಂದ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದೂ ಬೇಡ.

ಹಂತ 4: ಬಿಸಿಲನ್ನು ಎರಡು ಸಲ ನೋಡಿ

ಜೂನಿನಲ್ಲಿ ಬಿಸಿಲು ನೋಡಿ ನೆಟ್ಟ ಸೇವಂತಿಗೆ ನವೆಂಬರಿನಲ್ಲಿ ನೆರಳಿಗೆ ಸಿಕ್ಕಿಕೊಳ್ಳುವುದು ತುಂಬ ಸಾಮಾನ್ಯ. ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನಿನ ನಡುಹಗಲು ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುವುದರಿಂದ ಮನೆಯ ಉತ್ತರ ಬದಿಗೂ ಬಿಸಿಲು ಬೀಳುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, 10 ಅಡಿ ಗೋಡೆಯ ನೆರಳು ನಡುಹಗಲಲ್ಲೂ ಉತ್ತರಕ್ಕೆ ಸುಮಾರು 7 ಅಡಿ ಚಾಚುತ್ತದೆ. ಮಹಡಿ ಮನೆಯಾದರೆ ಅದರ ಎರಡರಷ್ಟು. ಹಾಗಾಗಿ ಉತ್ತರ ಬದಿಯ ಪಾತಿಗೆ ಸೇವಂತಿಗೆ, ಮಲ್ಲಿಗೆ ಬೇಡ. ಅರೆನೆರಳಿನಲ್ಲೂ ಹೂ ಬಿಡುವ ನಂದಿಬಟ್ಟಲು, ಕನಕಾಂಬರ ಅಲ್ಲಿಗೆ ಹೊಂದುತ್ತವೆ. ದಾಸವಾಳಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು.

ಇನ್ನೊಂದು ಬೆಳಕಿದೆ, ಬೀದಿದೀಪದ್ದು. ರಾತ್ರಿ ಉದ್ದವಾದಾಗ ಮಾತ್ರ ಸೇವಂತಿಗೆಯಲ್ಲಿ ಮೊಗ್ಗು ಮೂಡುತ್ತದೆ. ಕಾಂಪೌಂಡಿನ ಹೊರಗಿನ ಎಲ್‌ಇಡಿ ದೀಪ ರಾತ್ರಿಯೆಲ್ಲ ನೇರವಾಗಿ ಬೀಳುತ್ತಿದ್ದರೆ ಗಿಡಕ್ಕೆ ರಾತ್ರಿಯಾದದ್ದೇ ತಿಳಿಯದು, ಎತ್ತರಕ್ಕೆ ಬೆಳೆದು ಮೊಗ್ಗಿಲ್ಲದೆ ನಿಲ್ಲುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ. ದೀಪದ ನೇರಕ್ಕೆ ಬರುವ ಜಾಗಕ್ಕೆ ಚೆಂಡುಹೂ ಕೊಡಿ, ಸೇವಂತಿಗೆಯನ್ನು ಗೋಡೆ ಮರೆಗೆ ಸರಿಸಿ.

ಹಂತ 5: ಅಂತರ, ಎತ್ತರ, ವಾಸನೆ

ಅಂತರ ಹೀಗಿರಲಿ: ಸೇವಂತಿಗೆ, ಸುಗಂಧರಾಜ 1 ಅಡಿ, ಚೆಂಡುಹೂ, ತುಳಸಿ, ಕನಕಾಂಬರ ಒಂದೂವರೆ ಅಡಿ, ದಾಸವಾಳ, ಮಲ್ಲಿಗೆ 4 ಅಡಿ, ಎಕ್ಕ 5 ಅಡಿ, ಪಾರಿಜಾತ 8ರಿಂದ 10 ಅಡಿ. ಸಂಪಿಗೆ ದೊಡ್ಡ ಮರ. 30x40 ಸೈಟಿನಲ್ಲಿ ಅದಕ್ಕೆ ಜಾಗವಿಲ್ಲ, ಸಂಪಿನ ಪಕ್ಕ ಅಂತೂ ಖಂಡಿತ ಬೇಡ. ಹಿತ್ತಿಲಿರುವವರು ನೆಡುವುದಾದರೆ ಕಸಿ ಗಿಡ ಕೇಳಿ ತನ್ನಿ, ಬೀಜದ ಗಿಡ ಹೂ ಬಿಡಲು ತುಂಬ ವರ್ಷ ಕಾಯಿಸುತ್ತದೆ.

ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ ಎಂಬ ನಿಯಮ ಸಾಲದು. ಹೂ ಯಾವ ಹೊತ್ತಿಗೆ ಅರಳುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಮಲ್ಲಿಗೆ ಅರಳುವುದು ಸಂಜೆ, ಅದು ಜಗುಲಿ ಅಥವಾ ಕೂರುವ ಕಿಟಕಿ ಹತ್ತಿರ ಇರಲಿ. ಪಾರಿಜಾತ ರಾತ್ರಿ ಅರಳಿ ಬೆಳಗಿನ ಜಾವ ಉದುರುತ್ತದೆ. ಅದರ ಕೆಳಗೆ ಬೇರೆ ಗಿಡ ನೆಡಬೇಡಿ, ನೆಲ ಗುಡಿಸಿ ಸಾರಿಸುವಂತಿರಲಿ. ಉದುರಿದ ಹೂವನ್ನೇ ದೇವರಿಗೆ ಆರಿಸಿಕೊಳ್ಳುವ ಗಿಡ ಅದು, ಬುಡದಲ್ಲಿ ಕನಕಾಂಬರ ತುಂಬಿದರೆ ಹೂವೆಲ್ಲ ಪೊದೆಯೊಳಗೆ ಬೀಳುತ್ತದೆ.

ವಾಸನೆಯ ಗಿಡಗಳನ್ನು ಒಟ್ಟಿಗೆ ಗುಡ್ಡೆ ಹಾಕಬೇಡಿ. ಮಲ್ಲಿಗೆ, ಸುಗಂಧರಾಜ ಎರಡೂ ಕತ್ತಲಾದ ಮೇಲೆ ಘಮಘಮಿಸುತ್ತವೆ. ಹತ್ತಿರವಿದ್ದರೆ ಒಂದೂ ಸರಿಯಾಗಿ ಸಿಗದು. ಸುಗಂಧರಾಜವನ್ನು ಮಲಗುವ ಕೋಣೆಯ ಕಿಟಕಿಗೆ ಇಡಬೇಡಿ, ಕೆಲವರಿಗೆ ತಲೆನೋವು ಬರುತ್ತದೆ.

ಕಣಗಿಲೆಯ ಎಲೆ, ಕಡ್ಡಿ, ಹೂ, ಬೇರು ಎಲ್ಲವೂ ವಿಷ. ಮೇಕೆ, ಹಸು ಬಾಯಿ ಹಾಕುವ ಕಡೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೆಡಬೇಡಿ. ಕತ್ತರಿಸಿದ ಕಡ್ಡಿಯನ್ನು ಒಲೆಗೂ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಹೂ ಕೊಯ್ದ ಕೈ ತೊಳೆಯದೆ ಮುಖ ಮುಟ್ಟಬಾರದು.

ಹಂತ 6: 20 ಅಡಿ ಉದ್ದ, 4 ಅಡಿ ಅಗಲದ ಪಟ್ಟಿಗೆ ಒಂದು ನಕ್ಷೆ

ಪೂರ್ವಕ್ಕೆ ಬಾಗಿಲಿರುವ ಮನೆ, ಕಾಂಪೌಂಡಿನ ಒಳಮೈಗೆ ಪಟ್ಟಿ, ನಲ್ಲಿ ಒಂದು ತುದಿಯಲ್ಲಿದೆ ಎಂದಿಟ್ಟುಕೊಳ್ಳಿ. ಮಾತು: ಗಣಪ ಮತ್ತು ದೇವಿಯ ಪೂಜೆಗೆ ದಿನಾ ಹೂ, ದಸರೆಗೆ ಬಾಗಿಲಿಗೆ ಹೂ.

ನಲ್ಲಿಯಿಂದ ದೂರದ ತುದಿಯ 6 ಅಡಿ ಒಣ ಭಾಗ. ನಡುವೆ ಒಂದು ಬಿಳಿ ಎಕ್ಕ, ಬೇರೇನೂ ಬೇಡ. ಮೊದಲ ವರ್ಷ ಖಾಲಿ ಕಾಣುತ್ತದೆ, ಕಾಣಲಿ. ಮಳೆಗಾಲದಲ್ಲಿ ತುಂಬೆ ತಾನಾಗಿ ಹುಟ್ಟಿದರೆ ಕಳೆಯೆಂದು ಕೀಳದೆ ಬಿಡಿ.

ನಡುವಿನ 8 ಅಡಿ ಮಧ್ಯಮ ಭಾಗ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, 4 ಅಡಿ ಅಂತರದಲ್ಲಿ ಎರಡು ಕೆಂಪು ದಾಸವಾಳ. ದಿನಪೂಜೆಗೆ ಒಂಟಿ ಸುತ್ತಿನ ನಾಟಿ ಕೆಂಪು ಸಾಕು, ಅದು ಗಟ್ಟಿ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಹೈಬ್ರಿಡ್‌ಗಳಿಗೆ ಹಿಟ್ಟು ತಿಗಣೆ ಬೇಗ ಹತ್ತುತ್ತದೆ. ಗೋಡೆಯ ಗ್ರಿಲ್ಲಿಗೆ ಎರಡು ಶಂಖಪುಷ್ಪ ಹಬ್ಬಿಸಬಹುದು. ಗರಿಕೆಯನ್ನು ಮಾತ್ರ ನೆಲಕ್ಕೆ ಬಿಡಬೇಡಿ, ಒಂದು ವರ್ಷದಲ್ಲಿ ಪಟ್ಟಿಯೆಲ್ಲ ಅದರದೇ ಆಗುತ್ತದೆ. ಅಗಲ ಬಾಯಿಯ ಕುಂಡದಲ್ಲಿಟ್ಟು ದಾಸವಾಳದ ಮುಂದೆ ಕೂರಿಸಿ.

ನಲ್ಲಿ ಪಕ್ಕದ 6 ಅಡಿ ನೀರಿನ ಭಾಗ. ಇಲ್ಲಿ ಗಿಡ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಜೂನ್-ಜುಲೈಯಲ್ಲಿ ಸೇವಂತಿಗೆಯ ಮರಿಗಿಡಗಳನ್ನು ಮೂರು ಸಾಲು, ಸಾಲಿಗೆ ಐದರಂತೆ 15 ಹಾಕಿ. ಜನವರಿಯಲ್ಲಿ ಸೇವಂತಿಗೆ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿ, ನಾಲ್ಕಾರು ಗಿಡ ಮರಿಗಾಗಿ ಕುಂಡಕ್ಕೆ ಎತ್ತಿಟ್ಟು, ಪಾತಿಗೆ ಎಂಟು ಚೆಂಡುಹೂ ಸಸಿ ನೆಡಿ. ಚೆಂಡುಹೂವಿನ ಬೇರು ಜಂತುಹುಳುವನ್ನು ತಗ್ಗಿಸುತ್ತದೆ. ಮುಂದೆ ಇಲ್ಲಿ ಕನಕಾಂಬರ ನೆಡುವ ಮನಸ್ಸಿದ್ದರೆ ಮೊದಲು ಒಂದು ಬೆಳೆ ಚೆಂಡುಹೂ ತೆಗೆಯುವುದು ಅದಕ್ಕೇ.

ಮೂರು ಭಾಗಗಳ ನಡುವೆ ಕಲ್ಲುಚಪ್ಪಡಿಯನ್ನು ನಿಲ್ಲಿಸಿ, 9 ಅಂಗುಲ ಒಳಗೆ ಹೋಗುವಂತೆ ಹೂಳಿ. ಇಲ್ಲವಾದರೆ ಸೇವಂತಿಗೆಗೆ ಬಿಟ್ಟ ನೀರು ಒಳಗಿಂದೊಳಗೆ ಎಕ್ಕದ ಬುಡ ಸೇರುತ್ತದೆ. ಪಟ್ಟಿ ಇಳಿಜಾರಾಗಿದ್ದರೆ ಎಕ್ಕ ಎತ್ತರದ ತುದಿಯಲ್ಲೇ ಇರಬೇಕು. ನಲ್ಲಿ ಅದೇ ಕಡೆ ಇದ್ದರೆ ಪೈಪನ್ನು ಉದ್ದ ಮಾಡಿ, ಗಿಡಗಳ ಸ್ಥಾನ ಬದಲಿಸಬೇಡಿ.

ತುಳಸಿ ಈ ಪಟ್ಟಿಯಲ್ಲಿಲ್ಲ. ಅದಕ್ಕೆ ಬೇರೆ ಕಟ್ಟೆ, ತಳದಲ್ಲಿ ನೀರು ಹರಿಯುವ ತೂತು.

ಹಂತ 7: ಗುಂಡಿ ಮತ್ತು ನಾಟಿ

ಮೊದಲು ನೀರಿನ ಪರೀಕ್ಷೆ ಮಾಡಿ. ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಎರಡು ಮೂರು ಗಂಟೆಯಲ್ಲಿ ಇಂಗಿದರೆ ಸರಿ. ಮರುದಿನ ಬೆಳಗ್ಗೆಯೂ ನಿಂತಿದ್ದರೆ ಕೆಳಗೆ ಗಟ್ಟಿ ಪದರವಿದೆ, ಗಡಾರಿಯಿಂದ ಒಡೆಯಿರಿ ಅಥವಾ ಪಾತಿಯನ್ನು ಮುಕ್ಕಾಲು ಅಡಿ ಎತ್ತರಿಸಿ.

ದಾಸವಾಳ, ಮಲ್ಲಿಗೆ, ಎಕ್ಕಕ್ಕೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಹದಿನೈದು ದಿನ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ 10 ಕಿಲೋ ತಿಪ್ಪೆ ಗೊಬ್ಬರ, 250 ಗ್ರಾಂ ಹಿಂಡಿ ಬೆರೆಸಿ ತುಂಬಿ. ಎಕ್ಕಕ್ಕೆ ಗೊಬ್ಬರ ಬೇಡ, ಬದಲಿಗೆ ಒಂದು ಬಾಂಡ್ಲಿ ಮರಳು. ಜೂನ್-ಜುಲೈಯ ಒಂದೆರಡು ಹದ ಮಳೆ ಬಿದ್ದ ಮೇಲೆ, ಸಂಜೆ ಹೊತ್ತು ನೆಡಿ. ಕವರಿನಲ್ಲಿ ಮಣ್ಣು ಎಷ್ಟು ಮೇಲಿತ್ತೋ ಅಷ್ಟೇ ಇರಲಿ, ಕಾಂಡ ಹೂತರೆ ಕೊಳೆಯುತ್ತದೆ. ಸುಗಂಧರಾಜದ ಗಡ್ಡೆ ಎರಡು ಅಂಗುಲ ಆಳಕ್ಕೆ ಸಾಕು.

ಚೆಂಡುಹೂವಿಗೆ ಹಬ್ಬದಿಂದ ಹಿಂದಕ್ಕೆ ಎಣಿಸಿ. ಬೀಜದಿಂದ ಸಸಿಗೆ 25ರಿಂದ 30 ದಿನ, ನೆಟ್ಟ ಮೇಲೆ ಹೂವಿಗೆ 50ರಿಂದ 60 ದಿನ. ಕುಡಿ ಚಿವುಟಿದರೆ ಇನ್ನೊಂದು ವಾರ. ಪಂಚಾಂಗ ನೋಡಿ ಆಯುಧಪೂಜೆಗೆ ಮೂರು ತಿಂಗಳ ಮುಂಚೆ ಬೀಜ ಹಾಕಿದರೆ ಲೆಕ್ಕ ಕೂಡುತ್ತದೆ. ಆ ಹೊತ್ತಿಗೆ ಸೇವಂತಿಗೆ ಪಾತಿ ತುಂಬಿರುತ್ತದಲ್ಲ, ದಸರೆಯ ಚೆಂಡುಹೂವನ್ನು ಅಂಚಿನ ಕುಂಡಗಳಲ್ಲಿ ಬೆಳೆಸಿ. ಸೇವಂತಿಗೆಗೂ ನೆಟ್ಟ ನಾಲ್ಕು ವಾರಕ್ಕೆ ಕುಡಿ ಚಿವುಟಬೇಕು. ಚಿವುಟದಿದ್ದರೆ ಒಂದೇ ಕಡ್ಡಿ ಉದ್ದ ಹೋಗಿ ಗಾಳಿಗೆ ಒರಗುತ್ತದೆ.

ಕೆಡುತ್ತಿರುವ ಗುರುತುಗಳು

ಎಳೆ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣದ ಕೊರತೆ. ಗಡಸು ನೀರು ಅಥವಾ ಸಿಮೆಂಟು ಕಸ ಕಾರಣ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ. ನೆಲಹಾಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಅದು ಬೇರೆ, ನೀರು ಹೆಚ್ಚಾಗಿದೆ.

ದಾಸವಾಳದ ಮೊಗ್ಗು ಉದುರುವುದು: ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಗೇ ನೀರು ಕುಡಿಸಿದಾಗ ಹೀಗಾಗುತ್ತದೆ. ಉದುರಿದ ಮೊಗ್ಗು ಸೀಳಿ ನೋಡಿ, ಒಳಗೆ ಸಣ್ಣ ಹುಳುಗಳಿದ್ದರೆ ಬಿದ್ದದ್ದನ್ನೆಲ್ಲ ಆರಿಸಿ ಸುಡಿ. ಕಡ್ಡಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಜೋರು ನೀರು ಹೊಡೆದು, ಮರುದಿನ ಲೀಟರಿಗೆ 5 ಗ್ರಾಂ ಬಾರ್ ಸೋಪು ಕರಗಿಸಿ ಸಿಂಪಡಿಸಿ. ಇರುವೆ ಸಾಲು ಹತ್ತುತ್ತಿದ್ದರೆ ತಿಗಣೆ ಮತ್ತೆ ಬರುತ್ತದೆ, ಬುಡದ ಇರುವೆಗೂಡು ಮೊದಲು ಕೆದಕಿ.

ಕನಕಾಂಬರ ಗಿಡ್ಡಗಾಗಿ ಎಲೆ ಮಂಕಾದರೆ ಒಂದು ಗಿಡ ಕಿತ್ತು ಬೇರು ನೋಡಿ. ಗಂಟುಗಳಿದ್ದರೆ ಔಷಧಿಗೆ ದುಡ್ಡು ಹಾಕಬೇಡಿ. ಗಿಡ ತೆಗೆದು ಆ ಜಾಗಕ್ಕೆ ಚೆಂಡುಹೂ ಹಾಕಿ, ಬೇವಿನ ಹಿಂಡಿ ಸೇರಿಸಿ, ಕನಕಾಂಬರವನ್ನು ಹೊಸ ಮಣ್ಣಿನಲ್ಲಿ ನೆಡಿ.

ತುಳಸಿ ಕಡ್ಡಿಯಾಗುತ್ತಿದ್ದರೆ ಕದಿರು ಬಲಿಯಲು ಬಿಟ್ಟಿದ್ದೀರಿ. ಕದಿರು ಮೂಡಿದಂತೆ ಚಿವುಟುತ್ತಿರಿ.

ಸಿಂಪಡಿಸುವ ಮುಂಚೆ ಬೇಲಿಯಾಚೆ ಒಮ್ಮೆ ನೋಡಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಗಾಳಿಯಲ್ಲಿ ಹೋದ ಔಷಧಿ ರೇಷ್ಮೆಹುಳುವಿಗೆ ಹಾನಿ ಮಾಡುತ್ತದೆ, ಬೇವಿನ ಎಣ್ಣೆಯೂ ಸೇರಿ. ಅಂಥ ಕಡೆ ಜೋರು ನೀರು ಹೊಡೆಯುವುದು, ಕೈಯಲ್ಲಿ ಆರಿಸುವುದು ಇಷ್ಟೇ ದಾರಿ.